‘ಹೋಗಿ ಬರ್ತೀನಿ’ ಎಂಬ ಮಾತು

ನಮ್ಮ ಸೀಮೆಯಲ್ಲಿ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಹೋಗಿ ಬರ್ತೀನಿ’ ಎನ್ನುತ್ತಾರೆ. ಮರೆತು ‘ಹೋಗ್ತೀನಿ’ ಅಂದುಬಿಟ್ಟರೆ ಒಳಮನೆಯಿಂದ ಯಾರಾದರೂ ಹಿರಿಯರು ‘ಹೋಗಿ ಬರ್ತೀನಿ ಅನ್ನಪಾ’ ಎಂದು ತಿದ್ದುತ್ತಾರೆ. ಮನೆಯಲ್ಲಿ ದಖನಿ ಆಡುವ ನಾವೂ ಇದೇ ರೂಢಿಯವರು. ‘ಜಾತೂಂ’ ಅನ್ನುವುದು ಅಪಶಕುನ, ‘ಜಾಕೊ ಆತೂಂ’ ಅನ್ನಬೇಕು. ಹೋಗುವ ಮಾತಿನೊಳಗೇ ಮರಳುವ ಭರವಸೆ ಇರಬೇಕೆಂಬುದು ಎರಡೂ ಭಾಷೆಗಳು ನಮಗೆ ಕಲಿಸಿದ ಪಾಠ. ಆದರೆ ಎರಡು ಊರುಗಳಿಗೆ ಸೇರಿದವನೊಬ್ಬ ಈ ಮಾತನ್ನು ಯಾವ ಊರಿನ ಹೊಸ್ತಿಲಲ್ಲಿ ನಿಂತು ಹೇಳಬೇಕು? ಈ ಪ್ರಶ್ನೆ ನಮಗೆ ಎದುರಾದದ್ದು 2025ರ ನವೆಂಬರ್ ಕೊನೆಯ ಒಂದು ರಾತ್ರಿ, ಜೇವರ್ಗಿಯ ನಮ್ಮ ಓಣಿಯಲ್ಲಿ.

ನಮ್ಮ ಮನೆಯಿಂದ ಮೂರು ಮನೆ ಆಚೆ ಇದ್ದ ಮುನೀಮ್ ಸಾಹೇಬರು ಅಂದು ತೀರಿಕೊಂಡರು. ಅಡತಿ ಅಂಗಡಿಯಲ್ಲಿ ತೊಗರಿ, ಹತ್ತಿಯ ಲೆಕ್ಕ ಬರೆಯುತ್ತ ಮೂವತ್ತು ವರ್ಷ ಕಳೆದವರು. ಇಶಾ ನಮಾಜು ಮುಗಿಸಿ ಬಂದವರಿಗೆ ಎದೆನೋವು ಕಾಣಿಸಿಕೊಂಡಿತು. ಕಲಬುರಗಿಗೆ ಒಯ್ಯಲು ಗಾಡಿ ಹೊರಟಿತು. ಭೀಮಾ ಸೇತುವೆ ದಾಟುವ ಮೊದಲೇ ಎಲ್ಲ ಮುಗಿಯಿತು. ಅವರ ಒಬ್ಬನೇ ಮಗ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿ. 2019ರಲ್ಲಿ ಬ್ಯಾಂಕ್ ಸಾಲ ತೆಗೆದು ಎಂ.ಎಸ್. ಓದಲು ಹೋದವನು, ಅಲ್ಲೇ ಪಿಎಚ್.ಡಿ.ಗೆ ಸೇರಿಕೊಂಡ. ನಡುವೆ ಒಮ್ಮೆ, 2022ರಲ್ಲಿ, ಅಕ್ಕನ ಮದುವೆಗೆಂದು ಬಂದು ಹೋಗಿದ್ದ. ಪ್ರಬಂಧ ಮುಗಿಯಲು ಇನ್ನೊಂದು ವರ್ಷ ಬಾಕಿಯಿತ್ತು.

ಸುದ್ದಿ ತಲುಪಿದ ಅರ್ಧ ಗಂಟೆಯಲ್ಲಿ ಅವನ ಫೋನು ನಮಗೆ ಬಂತು. ಅರ್ಜಿ, ನೋಟೀಸು, ಕಾಗದ ಏನೇ ಇದ್ದರೂ ನಮ್ಮ ಓಣಿಯಲ್ಲಿ ಅದನ್ನು ಓದಿ ಹೇಳುವ ಕೆಲಸ ನಮ್ಮದು. ಕತೆ ಬರೆಯುವವರಿಗೆ ಕಾನೂನೂ ತಿಳಿದಿರುತ್ತದೆ ಎಂಬುದು ಓಣಿಯ ನಂಬಿಕೆ. ಹುಡುಗ ಅಳುತ್ತಿರಲಿಲ್ಲ. ಒಂದೇ ಮಾತು ಕೇಳಿದ: ‘ಮಾಮೂ, ಆವೂಂ ಕಿ ನಕ್ಕೋ?’ ಬರಲೋ, ಬೇಡವೋ?

ತಂದೆ ಸತ್ತ ಮಗ ಕೇಳಬೇಕಾದ ಪ್ರಶ್ನೆಯೇ ಇದು ಎಂದು ಓದುಗರಿಗೆ ಅನ್ನಿಸಬಹುದು. ನಮಗೂ ಮೊದಲು ಹಾಗೇ ಅನ್ನಿಸಿತು. ಆಮೇಲೆ ಅವನು ತನ್ನ ಕಾಗದಪತ್ರಗಳ ಚಿತ್ರಗಳನ್ನು ಒಂದೊಂದಾಗಿ ಕಳಿಸಿದ. ಪಾಸ್‌ಪೋರ್ಟ್ ಸರಿಯಾಗಿತ್ತು. ವಿಶ್ವವಿದ್ಯಾಲಯ ಕೊಟ್ಟ ‘ಐ-20’ ಎಂಬ ಪತ್ರ ಸರಿಯಾಗಿತ್ತು. ಆದರೆ ಅದರ ಮೇಲೆ ಪ್ರಯಾಣಕ್ಕೆಂದು ವಿದ್ಯಾರ್ಥಿ ಅಧಿಕಾರಿ ಹಾಕುವ ಸಹಿ ಒಂದು ವರ್ಷದೊಳಗಿನದಾಗಿರಬೇಕು. ಇವನದು ಹದಿನಾಲ್ಕು ತಿಂಗಳು ಹಳೆಯದು. ಅಲ್ಲಿ ಆಗ ಹಬ್ಬದ ರಜೆ, ಕಚೇರಿಗೆ ಬೀಗ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಪಾಸ್‌ಪೋರ್ಟಿನಲ್ಲಿ ಅಂಟಿಸಿದ್ದ ಐದು ವರ್ಷದ ವೀಸಾ 2024ರಲ್ಲೇ ಮುಗಿದುಹೋಗಿತ್ತು.

ಹಾಗಾದರೆ ಒಂದು ವರ್ಷದಿಂದ ಅವನು ಅಲ್ಲಿ ಕಳ್ಳತನದಲ್ಲಿ ಇದ್ದನೇ? ಇಲ್ಲ. ಇಲ್ಲಿಯೇ ಬಹಳ ತಂದೆತಾಯಿಗಳು ಎಡವುತ್ತಾರೆ. ವೀಸಾ ಎಂಬುದು ಬಾಗಿಲು ದಾಟುವ ಚೀಟಿ, ಒಳಗೆ ಇರುವ ಹಕ್ಕಲ್ಲ. ಓದು ನಡೆಯುತ್ತಿರುವ ತನಕ, ಐ-20 ಊರ್ಜಿತವಿರುವ ತನಕ ವಿದ್ಯಾರ್ಥಿ ಅಲ್ಲಿ ಕಾನೂನುಬದ್ಧವಾಗಿಯೇ ಇರುತ್ತಾನೆ. ಆದರೆ ಒಮ್ಮೆ ದೇಶ ಬಿಟ್ಟು ಹೊರಬಂದರೆ ಹೊಸ ಚೀಟಿ ಇಲ್ಲದೆ ಬಾಗಿಲು ತೆರೆಯದು. ನಮ್ಮ ಬಸ್ಸಿನ ಹೋಲಿಕೆ ಕೊಡುವುದಾದರೆ, ಕಲಬುರಗಿಯಿಂದ ವಿಜಯಪುರಕ್ಕೆ ಟಿಕೇಟು ತೆಗೆದವನು ಜೇವರ್ಗಿ ನಿಲ್ದಾಣದಲ್ಲಿ ಚಹಾ ಕುಡಿಯಲು ಇಳಿದ ಹಾಗೆ. ಸೀಟಿನ ಮೇಲೆ ಅವನ ಟವೆಲ್ಲು, ಚೀಲ ಎಲ್ಲ ಇದೆ. ಆದರೂ ಮತ್ತೆ ಹತ್ತಲು ಹೋದಾಗ ಕಂಡಕ್ಟರು ‘ನೀ ಯಾರೋ ಗೊತ್ತಿಲ್ಲ, ಪಾಳಿಗೆ ನಿಂತು ಹೊಸ ಟಿಕೇಟು ತಗೊಂಡು ಬಾ, ಕೊಡಬೇಕೋ ಬ್ಯಾಡೋ ನೋಡ್ತೀನಿ’ ಅಂದರೆ ಹೇಗೆ?

ಆ ಪಾಳಿಯೂ 2025ರಲ್ಲಿ ಉದ್ದವಾಯಿತು. ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಸಾಮಾಜಿಕ ಜಾಲತಾಣಗಳ ಖಾತೆಗಳನ್ನು ಅಧಿಕಾರಿಗಳ ತಪಾಸಣೆಗೆ ತೆರೆದಿಡಬೇಕಾಯಿತು. ಹಳೆಯ ವೀಸಾ ನವೀಕರಿಸುವ ಅನೇಕರಿಗೆ ಅಲ್ಲಿಯವರೆಗೆ ಸಿಗುತ್ತಿದ್ದ ಸಂದರ್ಶನದ ವಿನಾಯಿತಿಯನ್ನು ಸೆಪ್ಟೆಂಬರ್ 2ರಿಂದ ಬಹುಮಟ್ಟಿಗೆ ತೆಗೆದುಹಾಕಲಾಯಿತು. ಅದೇ ತಿಂಗಳು, ಅರ್ಜಿದಾರರು ತಮ್ಮ ಪೌರತ್ವದ ಅಥವಾ ವಾಸದ ದೇಶದಲ್ಲಿಯೇ ಸಂದರ್ಶನಕ್ಕೆ ಹೋಗಬೇಕೆಂಬ ನಿಯಮವೂ ಬಂತು. ಅಂದರೆ ಹುಡುಗ ಮೊದಲು ಊರಿಗೆ ಬರಬೇಕು, ತಂದೆಯ ಮಣ್ಣು ಆರುವ ಮುನ್ನ ಹೈದರಾಬಾದಿನಲ್ಲೋ ಚೆನ್ನೈಯಲ್ಲೋ ದಿನಾಂಕ ಹುಡುಕಬೇಕು. ತುರ್ತು ದಿನಾಂಕ ಕೇಳಬಹುದು, ಕೊಡುವುದು ಬಿಡುವುದು ಅವರ ಇಚ್ಛೆ. ನಿರಾಕರಿಸಿದರೆ ಮೇಲ್ಮನವಿ ಇಲ್ಲ.

ಹೀಗೆ ‘ಬರಲೋ, ಬೇಡವೋ’ ಎಂಬ ಪ್ರಶ್ನೆಯ ನಿಜವಾದ ಅರ್ಥ ನಮಗೆ ನಿಧಾನವಾಗಿ ಹೊಳೆಯಿತು. ‘ಬಂದರೆ ನನ್ನ ಆರು ವರ್ಷದ ಓದು ಉಳಿಯುತ್ತದೆಯೇ, ಬರದಿದ್ದರೆ ನಾನು ಮಗನಾಗಿ ಉಳಿಯುತ್ತೇನೆಯೇ’ ಎಂದು ಅವನು ಕೇಳುತ್ತಿದ್ದ.

ಟ್ಯಾಂಜಿಯರ್ ಪಟ್ಟಣದ ಇಬ್ನ್ ಬತೂತ 1325ರಲ್ಲಿ ತನ್ನ ಇಪ್ಪತ್ತೊಂದನೆಯ ವಯಸ್ಸಿಗೆ ತಂದೆತಾಯಿಗಳನ್ನು ಬಿಟ್ಟು ಹೊರಟವನು. ಮುಹಮ್ಮದ್ ಬಿನ್ ತುಘಲಕನ ದೆಹಲಿಯಲ್ಲಿ ಕಾಜಿಯಾಗಿದ್ದ. 1348ರಲ್ಲಿ ಅವನು ಡಮಾಸ್ಕಸ್ ತಲುಪಿದಾಗ ಊರಿನ ಕಡೆಯವನೊಬ್ಬ ಸಿಕ್ಕ, ಅವನ ತಂದೆ ತೀರಿಕೊಂಡು ಹದಿನೈದು ವರ್ಷವಾಯಿತೆಂದು ತಿಳಿಸಿದ. ತಾಯಿ ಬದುಕಿದ್ದಾಳೆಂಬ ಆಸೆಯಿಂದ ಊರಿನ ದಾರಿ ಹಿಡಿದರೆ, ಅವನು ತಲುಪುವ ಮೊದಲೇ ಪ್ಲೇಗು ಆಕೆಯನ್ನೂ ಒಯ್ದಿತ್ತು. ಹದಿನೈದು ವರ್ಷ ಅವನು ತಂದೆ ಇದ್ದಾನೆಂದೇ ನಂಬಿ ಬದುಕಿದ. ಅಂದು ಅವನನ್ನು ತಡೆದದ್ದು ದೂರ, ಮರುಭೂಮಿ, ಸಮುದ್ರ. ಅವುಗಳ ಮೇಲೆ ಯಾರೂ ದೂರು ಹೇಳಲಾರರು. ಇಂದು ಸಾವಿನ ಸುದ್ದಿ ಅರ್ಧ ಗಂಟೆಯಲ್ಲಿ ಮುಟ್ಟುತ್ತದೆ, ವಿಮಾನ ಒಂದು ಹಗಲು ಒಂದು ರಾತ್ರಿಯಲ್ಲಿ ಹೈದರಾಬಾದ್ ಮುಟ್ಟಿಸುತ್ತದೆ. ಮನುಷ್ಯ ಸಮುದ್ರವನ್ನು ಗೆದ್ದ, ನಂತರ ಅದರ ಜಾಗದಲ್ಲಿ ಕಾಗದವನ್ನು ಇಟ್ಟ. ಸಮುದ್ರಕ್ಕೆ ಮನಸ್ಸಿರಲಿಲ್ಲ, ಕಾಗದವನ್ನು ಬರೆದವರಿಗೆ ಮನಸ್ಸಿದೆ. ಆದ್ದರಿಂದಲೇ ಇದು ನೈತಿಕ ಪ್ರಶ್ನೆಯಾಗುತ್ತದೆ.

ಇನ್ನೊಂದು ಪಕ್ಷದ ವಾದವನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ತನ್ನ ಮನೆಗೆ ಬರುವವರು ಯಾರೆಂದು ವಿಚಾರಿಸುವ ಅಧಿಕಾರ ಪ್ರತಿ ದೇಶಕ್ಕೂ ಇದೆ. ಸುಳ್ಳು ಅಂಕಪಟ್ಟಿ, ಬಾಡಿಗೆಗೆ ತಂದ ಬ್ಯಾಂಕ್ ಠೇವಣಿ, ತರಗತಿಗಳೇ ನಡೆಯದ ಕಾಲೇಜು ಇವೆಲ್ಲ ನಮ್ಮ ಕಡೆಯಿಂದಲೂ ಆಗಿವೆ. ಮಿಷಿಗನ್ನಿನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಪ್ರಕರಣ ಹಲವರಿಗೆ ನೆನಪಿರಬಹುದು. ಅದು ಅಮೆರಿಕದ ವಲಸೆ ಅಧಿಕಾರಿಗಳೇ ಬಲೆಯಾಗಿ ಒಡ್ಡಿದ್ದ ನಕಲಿ ವಿಶ್ವವಿದ್ಯಾಲಯ. 2019ರ ಜನವರಿಯಲ್ಲಿ ಬಂಧಿತರಾದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ಸುಳ್ಳಿನ ಬಲೆ ಒಡ್ಡಿದವರದು ತಪ್ಪೆನ್ನೋಣ, ಆದರೆ ಬಿದ್ದವರೆಲ್ಲರೂ ಅಮಾಯಕರೆಂದು ಎದೆ ಮುಟ್ಟಿ ಹೇಳುವುದು ಕಷ್ಟ. ತಪಾಸಣೆ ಬೇಡವೆಂದು ನಾವು ಹೇಳುವುದಿಲ್ಲ.

ನಮ್ಮ ತಕರಾರು ಬೇರೆ. ಅಪರಿಚಿತನನ್ನು ವಿಚಾರಿಸುವುದು ಒಂದು, ಪರಿಚಿತನನ್ನು ಪ್ರತಿ ಸಲವೂ ಅಪರಿಚಿತನೆಂದು ಎಣಿಸುವುದು ಇನ್ನೊಂದು. ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆದ ಪ್ರಬಂಧದಲ್ಲಿ ಆತಿಥ್ಯವನ್ನು ದಾನವೆಂದು ಕರೆಯಲಿಲ್ಲ, ಹಕ್ಕೆಂದು ಕರೆದ. ಪರನಾಡಿಗೆ ಶಾಂತಿಯಿಂದ ಬಂದವನನ್ನು ಶತ್ರುವಿನಂತೆ ಕಾಣಬಾರದು, ಆದರೆ ಅತಿಥಿಯಾಗಿ ನೆಲೆಸುವುದಕ್ಕೆ ಪ್ರತ್ಯೇಕ ಒಪ್ಪಂದ ಬೇಕು ಎಂದ. ವಿದ್ಯಾರ್ಥಿಯೊಂದಿಗೆ ಆ ಒಪ್ಪಂದ ಆಗಿಯೇ ಆಗಿದೆಯಲ್ಲ? ಅವನನ್ನು ಆರಿಸಿದ್ದು ಅವರೇ, ಶುಲ್ಕ ಪಡೆದವರು ಅವರೇ, ಅವರ ಪ್ರಯೋಗಾಲಯದಲ್ಲಿ ಹಗಲಿರುಳು ದುಡಿದವನು ಅವನು. ಅವನ ವಿಳಾಸ, ಹಾಜರಿ, ಅಂಕ ಎಲ್ಲವೂ ಸರ್ಕಾರದ ಗಣಕದಲ್ಲಿ ಇವೆ. ಆರು ವರ್ಷದಲ್ಲಿ ತಪ್ಪು ಮಾಡದವನನ್ನು ಮೂರು ವಾರದ ಗೈರುಹಾಜರಿ ಗುರುತು ಸಿಗದವನನ್ನಾಗಿ ಮಾಡುತ್ತದೆಯೇ?

ಇದರಲ್ಲಿ ಒಂದು ವಿಪರ್ಯಾಸವೂ ಇದೆ. ಅಮೆರಿಕದ ವಿದ್ಯಾರ್ಥಿ ವೀಸಾ ಕೇಳುವವನು ತನಗೆ ತಾಯ್ನಾಡಿನಲ್ಲಿ ಗಟ್ಟಿಯಾದ ಬೇರುಗಳಿವೆ, ಓದು ಮುಗಿದ ಮೇಲೆ ಮರಳುತ್ತೇನೆ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಬೇರು ಇಲ್ಲದವನೆಂದು ತೋರಿದರೆ ವೀಸಾ ಇಲ್ಲ. ತಂದೆಯ ಮಯ್ಯತ್ತಿಗೆ ಓಡಿ ಬರುವುದಕ್ಕಿಂತ ದೊಡ್ಡ ಬೇರಿನ ಪುರಾವೆ ಯಾವುದಿದೆ? ಕಾನೂನು ಯಾವ ಗುಣವನ್ನು ಮೊದಲ ದಿನ ಕೇಳಿತೋ ಅದೇ ಗುಣವನ್ನು ತೋರಿಸಿದ ದಿನ ಬಾಗಿಲು ಮುಚ್ಚುವ ಭಯ ಹುಟ್ಟಿಸುತ್ತದೆ.

ಬೇರೆ ದಾರಿ ಇಲ್ಲವೆಂದಾದರೂ ಹೇಳಬಹುದಿತ್ತು. ಆದರೆ ದಾರಿ ಅದೇ ಕಾನೂನಿನಲ್ಲಿದೆ. ವೀಸಾ ಮುಗಿದ ವಿದ್ಯಾರ್ಥಿ ಅಲ್ಲಿಂದ ಕೆನಡಾಕ್ಕೋ ಮೆಕ್ಸಿಕೋಕ್ಕೋ ಹೋಗಿ ಮೂವತ್ತು ದಿನದೊಳಗೆ ಹಿಂದಿರುಗಿದರೆ, ಉಳಿದ ಕಾಗದಗಳು ಸರಿಯಿದ್ದರೆ, ಹಳೆಯ ವೀಸಾವನ್ನೇ ಊರ್ಜಿತವೆಂದು ಎಣಿಸಿ ಒಳಗೆ ಬಿಡುವ ನಿಯಮವೊಂದು ಅಲ್ಲಿದೆ. ಕೆಲವು ದೇಶಗಳ ಪ್ರಜೆಗಳಿಗೆ ಅದು ಅನ್ವಯಿಸುವುದಿಲ್ಲ, ಭಾರತೀಯರಿಗೆ ಅನ್ವಯಿಸುತ್ತದೆ. ಅಂದರೆ ಮುಗಿದ ವೀಸಾ ಇರುವವನನ್ನು ಮತ್ತೆ ಒಳಗೆ ಬಿಡುವುದು ಅಸಾಧ್ಯವೂ ಅಲ್ಲ, ಅಪಾಯವೂ ಅಲ್ಲ ಎಂದು ಆ ದೇಶವೇ ಒಪ್ಪಿಕೊಂಡಂತಾಯಿತು. ನಯಾಗರ ಜಲಪಾತವನ್ನು ಕೆನಡಾದ ದಂಡೆಯಿಂದ ನೋಡಿಬರಲು ಇರುವ ಸಡಿಲಿಕೆ, ಜೇವರ್ಗಿಯ ಕಬರಸ್ತಾನದಲ್ಲಿ ಮೂರು ಹಿಡಿ ಮಣ್ಣು ಹಾಕಿಬರಲು ಇಲ್ಲ.

ಇದು ಅಮೆರಿಕ ಒಂದರ ಮಾತಲ್ಲ. ಕೊರೋನಾ ಕಾಲದ ಚೀನಾವನ್ನು ನೆನೆಯೋಣ. 2020ರ ಆರಂಭದಲ್ಲಿ ಊರಿಗೆ ಬಂದ ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಕೆಲವು ವಾರಗಳಲ್ಲಿ ಮರಳುತ್ತೇವೆಂದು ಬಟ್ಟೆಬರೆ, ಪುಸ್ತಕಗಳನ್ನು ಹಾಸ್ಟೆಲಿನಲ್ಲೇ ಬಿಟ್ಟು ಬಂದಿದ್ದರು. ಮಾರ್ಚ್ 28ರಿಂದ ಚೀನಾ ವಿದೇಶಿಯರಿಗೆ ಬಾಗಿಲು ಮುಚ್ಚಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳು ಹೊರಗುಳಿದರು. ಅವರಿಗೆ ಮತ್ತೆ ವೀಸಾ ಸಿಗತೊಡಗಿದ್ದು 2022ರ ಆಗಸ್ಟ್ ಕೊನೆಯಲ್ಲಿ. ಆಗಲೂ ಹಳೆಯ ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯದಿಂದ ‘ಕ್ಯಾಂಪಸ್ಸಿಗೆ ಮರಳುವ ಪ್ರಮಾಣಪತ್ರ’ ತರಬೇಕಿತ್ತು. ಎರಡೂವರೆ ವರ್ಷ ರೋಗಿಯ ಮುಖ ನೋಡದೆ ಫೋನಿನಲ್ಲಿ ವೈದ್ಯಕೀಯ ಕಲಿತ ಮಕ್ಕಳನ್ನು ನಮ್ಮ ದೇಶದ ನಿಯಮಗಳು ಮುಂದೆ ಅನುಮಾನದಿಂದ ನೋಡಿದವು. ಸಾಂಕ್ರಾಮಿಕ ರೋಗದಲ್ಲಿ ಬಾಗಿಲು ಮುಚ್ಚಿದ್ದು ತಪ್ಪಲ್ಲ. ರೋಗ ಇಳಿದ ಮೇಲೂ ‘ಯಾವಾಗ’ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಕಾಯಿಸಿದ್ದು ತಪ್ಪು.

ಪರರ ಬಾಗಿಲನ್ನು ದೂರುವಾಗ ನಮ್ಮ ಬಾಗಿಲನ್ನೂ ನೋಡಿಕೊಳ್ಳಬೇಕು. ಮೈಸೂರು ವಿಶ್ವವಿದ್ಯಾಲಯದಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಅಫ್ಘಾನಿಸ್ತಾನದ ವಿದ್ಯಾರ್ಥಿಗಳು ಓದುತ್ತಿದ್ದರು. ಕೊರೋನಾ ಕಾಲದಲ್ಲಿ ಭಾರತದ ಕಾಲೇಜುಗಳಿಂದ ಊರಿಗೆ ಹೋದ ಅಫ್ಘನ್ ಮಕ್ಕಳು ಬಹಳ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನಿಗಳ ಕೈಗೆ ಬಿತ್ತು. ಆ ತಿಂಗಳ 25ರಂದು ನಮ್ಮ ಸರ್ಕಾರ, ಭಾರತದ ಹೊರಗಿರುವ ಅಫ್ಘನ್ನರಿಗೆ ಹಿಂದೆ ಕೊಟ್ಟಿದ್ದ ಎಲ್ಲ ವೀಸಾಗಳು ಅಮಾನ್ಯವೆಂದೂ, ಇನ್ನು ಇ-ವೀಸಾದ ಮೇಲಷ್ಟೇ ಬರಬೇಕೆಂದೂ ಪ್ರಕಟಿಸಿತು. ಭದ್ರತೆಯ ಕಾರಣ ಇರಬಹುದು. ಆದರೆ ಆ ಹೊತ್ತು, ಕೈಯಲ್ಲಿ ನಮ್ಮದೇ ಮುದ್ರೆಯ ಕಾಗದ ಹಿಡಿದು ನಿಂತ ಹುಡುಗಿಯೊಬ್ಬಳಿಗೆ ಅದು ನಿದ್ದೆಯಲ್ಲಿ ಕಳೆದುಹೋದ ಮನೆಯ ಹಾಗೆ. ನಾವು ಆತಿಥೇಯರಾದಾಗ ನಮ್ಮ ನಡೆಯೂ ಉಳಿದವರಂತೆಯೇ ಇತ್ತು ಎಂಬುದನ್ನು ಒಪ್ಪಿಕೊಳ್ಳದೆ ಮುಂದಿನ ಮಾತಿಗೆ ಬಲ ಬರುವುದಿಲ್ಲ.

‘ಮರಳುವ ಕಾಗದ’ ಎಂಬುದು ನಮ್ಮ ಸೀಮೆಯ ಮನೆಗಳಿಗೆ ಹೊಸ ಮಾತೂ ಅಲ್ಲ. 1948ರ ಜುಲೈನಲ್ಲಿ, ಜೇವರ್ಗಿ ಇನ್ನೂ ನಿಜಾಮರ ರಾಜ್ಯದಲ್ಲಿದ್ದಾಗ, ಪಶ್ಚಿಮ ಪಾಕಿಸ್ತಾನದಿಂದ ಭಾರತಕ್ಕೆ ಬರುವವರಿಗೆ ಪರ್ಮಿಟ್ ಪದ್ಧತಿ ಜಾರಿಯಾಯಿತು. ಇಲ್ಲಿಂದ ಬಂಧುಗಳನ್ನು ನೋಡಲು ಆಚೆ ಹೋಗುವವರು ‘ಮರಳಲು ಆಕ್ಷೇಪಣೆ ಇಲ್ಲ’ ಎಂಬ ಪ್ರಮಾಣಪತ್ರ ಪಡೆದು ಹೋಗಬೇಕಿತ್ತು. ನಮ್ಮ ಸಂವಿಧಾನದ ಏಳನೆಯ ವಿಧಿಯಲ್ಲಿಯೂ ಶಾಶ್ವತವಾಗಿ ಮರಳಲು ಕೊಡುವ ಪರ್ಮಿಟ್ಟಿನ ಉಲ್ಲೇಖವಿದೆ. 1952ರಲ್ಲಿ ಪಾಸ್‌ಪೋರ್ಟ್ ಬಂತು. ನಮ್ಮ ನಾನಿಯ ತಮ್ಮ ಪೊಲೀಸ್ ಆ್ಯಕ್ಷನ್ ನಂತರ ಕರಾಚಿ ಸೇರಿದವರು. ಅರವತ್ತರ ದಶಕದಲ್ಲಿ ಒಮ್ಮೆ ವೀಸಾದ ಮೇಲೆ ಬಂದು, ಹುಟ್ಟಿದ ಊರಿನ ಠಾಣೆಯಲ್ಲಿ ಹಾಜರಿ ಹಾಕಿ, ಹದಿನೈದು ದಿನಕ್ಕೆ ಹೊರಟರಂತೆ. ಹೊಸ್ತಿಲಲ್ಲಿ ನಿಂತು ‘ಜಾಕೊ ಆತೂಂ, ಆಪಾ’ ಅಂದರಂತೆ. ಅವರು ಮತ್ತೆ ಬರಲಿಲ್ಲ. ನಾನಿ ಸಾಯುವ ತನಕ ಆ ಮಾತನ್ನು ಬಾಕಿ ಸಾಲದಂತೆ ನೆನೆಯುತ್ತಿದ್ದರು.

ಅದೇ 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಘೋಷಣೆಯ 13ನೆಯ ವಿಧಿ, ಯಾವ ದೇಶವನ್ನಾದರೂ ಬಿಟ್ಟು ಹೋಗುವ ಹಕ್ಕನ್ನೂ ತನ್ನ ದೇಶಕ್ಕೆ ಮರಳುವ ಹಕ್ಕನ್ನೂ ಎಲ್ಲರಿಗೂ ಕೊಡುತ್ತದೆ. ಗಮನಿಸಬೇಕು: ‘ತನ್ನ ದೇಶಕ್ಕೆ’. ಓದುವ ದೇಶಕ್ಕೆ ಮರಳುವುದನ್ನು ಅದು ಹಕ್ಕೆಂದು ಕರೆಯುವುದಿಲ್ಲ. ಕಾನೂನು ಮನುಷ್ಯನಿಗೆ ಒಂದೇ ಹೊಸ್ತಿಲನ್ನು ಲೆಕ್ಕ ಹಿಡಿದಿದೆ. ಜೀವನವಾದರೋ ಎಂದೋ ಎರಡು ಹೊಸ್ತಿಲುಗಳಾಗಿದೆ. ನಮ್ಮ ಶರೀಅತ್ತು ಮುಸಾಫಿರನಿಗೆ ನಮಾಜನ್ನು ಮೊಟಕುಗೊಳಿಸಲು, ಉಪವಾಸವನ್ನು ಮುಂದೂಡಲು ಅವಕಾಶ ಕೊಟ್ಟಿದೆ. ಜಕಾತಿನಲ್ಲಿ ದಾರಿಹೋಕನಿಗೂ ಒಂದು ಪಾಲಿಟ್ಟಿದೆ. ಪ್ರಯಾಣದಲ್ಲಿರುವವನ ಭಾರವನ್ನು ಇಳಿಸಬೇಕೆಂಬುದು ಅದರ ಹಿಂದಿನ ವಿವೇಕ. ಅತಿಥಿಗೆ ಅನ್ನವಿಟ್ಟು ಉಣ್ಣುವ ನಮ್ಮ ನೆರೆಯ ಶರಣರ ಮನೆಗಳಲ್ಲಿಯೂ ಇದೇ ವಿವೇಕ ಕಾಣುತ್ತದೆ. ಇಂದಿನ ರಾಜ್ಯಗಳು ಮಾತ್ರ ಪ್ರಯಾಣಿಕನಾದ ಕೂಡಲೇ ಮನುಷ್ಯನ ಮೇಲೆ ಹೊರೆ ಹೇರುತ್ತವೆ.

ಇಷ್ಟೆಲ್ಲ ಈಗ ಸಮಾಧಾನದಿಂದ ಬರೆಯುತ್ತಿದ್ದೇವೆ. ಅಂದು ರಾತ್ರಿ ನಮ್ಮ ಬಳಿ ತತ್ವಶಾಸ್ತ್ರ ಇರಲಿಲ್ಲ. ನಾವು ಹುಡುಗನಿಗೆ ಹೇಳಿದ್ದು ಇಷ್ಟು: ‘ನಕ್ಕೋ ಬೇಟಾ. ನಾಳೆ ಜೊಹರ್‌ಗೆ ಮಣ್ಣು. ಹೇಗಿದ್ದರೂ ನಿನಗೆ ಮುಟ್ಟಲಾಗುವುದಿಲ್ಲ.’ ಅವನ ತಾಯಿಯೂ ಅದನ್ನೇ ಅಂದರು: ‘ಅವನ ಓದಿಗೆ ಅವರ ಅಪ್ಪ ಹೊಲ ಮಾರಿದ್ದಾರೆ. ಹೊಲವೂ ಹೋಗಿ ಓದೂ ಹೋಗೋದು ಬೇಡ.’ ಮರುದಿನ ಕಬರಸ್ತಾನದಲ್ಲಿ ಫೋನು ಎತ್ತಿ ಹಿಡಿದು ನಿಂತವರು ನಾವೇ. ಆ ಕಡೆ ಮಧ್ಯರಾತ್ರಿ ದಾಟಿತ್ತು. ಚಿಕ್ಕ ಪರದೆಯಲ್ಲಿ ಅವನ ಮುಖ, ಹಿಂದೆ ಪ್ರಯೋಗಾಲಯದ ಗೋಡೆ. ಮಣ್ಣು ಹಾಕುವ ಹೊತ್ತಿಗೆ ಅವನು ಬಲಗೈ ಮುಂದೆ ಚಾಚಿದ್ದನ್ನು ನಾವು ನೋಡಿದೆವು. ಕೈಯಲ್ಲಿ ಏನೂ ಇರಲಿಲ್ಲ.

ನಾವು ಕೊಟ್ಟ ಸಲಹೆ ಸರಿಯೇ? ಇಂದಿಗೂ ನಿಶ್ಚಯವಿಲ್ಲ. ಮಣ್ಣಿಗೆ ಮುಟ್ಟಲಾಗುವುದಿಲ್ಲ ಎಂಬುದು ನಿಜ, ಆದರೆ ಮಗ ಬರುವುದು ಮಣ್ಣಿಗೆ ಮಾತ್ರವೇ? ಇದ್ದತ್ತಿನಲ್ಲಿ ಕೂತ ತಾಯಿಯ ಪಕ್ಕ ಹತ್ತು ದಿನ ಮಲಗಿ ಏಳುವುದು, ಅಪ್ಪನ ಅಂಗಿಗಳನ್ನು ಯಾರಿಗೆ ಕೊಡುವುದೆಂದು ಮಾತಾಡುವುದು, ಚಹಲಮ್ಮಿನ ಅನ್ನಕ್ಕೆ ಕೈಹಚ್ಚುವುದು ಇವೂ ಮಗನ ಕೆಲಸಗಳೇ. ಓದನ್ನು ಉಳಿಸಿದೆವೆಂದು ನಾವು ಹೇಳಿಕೊಳ್ಳಬಹುದು. ಆದರೆ ಮುಂದೆ ಅವನು ತನ್ನನ್ನೇ ಕೇಳಿಕೊಳ್ಳುವ ಪ್ರಶ್ನೆಗೆ ನಾವೂ ಜಾಮೀನುದಾರರು. ನಮಗೆ ಈಗ ತೋರುವುದು ಇಷ್ಟು: ಅಂದು ಎರಡು ಉತ್ತರಗಳಲ್ಲಿ ಯಾವುದನ್ನು ಆರಿಸಿದರೂ ತಪ್ಪಾಗುತ್ತಿತ್ತು. ಮೂಲ ಅನ್ಯಾಯ ಆ ಪ್ರಶ್ನೆಯನ್ನು ಆ ಹುಡುಗನ ಮುಂದೆ ಇಟ್ಟ ನಿಯಮದಲ್ಲಿದೆ. ಕರ್ತವ್ಯ ಮಾಡಿದ್ದಕ್ಕಾಗಿ ಜೀವನವನ್ನೇ ಪಣಕ್ಕಿಡುವಂತೆ ಯಾರನ್ನೂ ಕೇಳಬಾರದು.

ನ್ಯಾಯವಾದ ನಿಯಮ ದೊಡ್ಡದೇನೂ ಬೇಕಿಲ್ಲ. ತಪ್ಪಿಲ್ಲದೆ ಓದುತ್ತಿರುವ ವಿದ್ಯಾರ್ಥಿಗೆ, ಅವನು ವಿಮಾನ ಹತ್ತುವ ಮೊದಲೇ, ಇಷ್ಟು ದಿನದೊಳಗೆ ಬಂದರೆ ಒಳಗೆ ಬಿಡುತ್ತೇವೆಂಬ ಮಾತು ಕೊಡಲಿ. ಮೂವತ್ತು ದಿನದ ಸಡಿಲಿಕೆಯನ್ನು ಗಡಿಯಾಚೆಯ ಪ್ರವಾಸದಿಂದ ತಂದೆತಾಯಿಯ ಸಾವಿನವರೆಗೆ ವಿಸ್ತರಿಸಲಿ. ನಮ್ಮ ದೇಶವೂ ಇಲ್ಲಿ ಓದುವ ಪರದೇಶದ ಮಕ್ಕಳಿಗೆ ಅದನ್ನೇ ಕೊಡಲಿ. ಆಗ ಕೇಳುವ ಬಾಯಿಗೆ ಬಲ ಬರುತ್ತದೆ. ಅಲ್ಲಿಯವರೆಗೆ ಮಕ್ಕಳನ್ನು ಹೊರಗೆ ಕಳಿಸಿದ ಮನೆಗಳು ಒಂದು ಕೆಲಸ ಮಾಡಬಹುದು. ವೀಸಾ ಎಂದು ಮುಗಿಯುತ್ತದೆ, ಪ್ರಯಾಣದ ಸಹಿ ಯಾವಾಗಿನದು, ಪಾಸ್‌ಪೋರ್ಟಿನ ಗಡುವು ಯಾವುದು ಎಂಬುದನ್ನು ತೊಗರಿ ಮಾರಿದ ಪಟ್ಟಿಯಂತೆ ಮನೆಯಲ್ಲಿಯೂ ಬರೆದಿಡಿ. ವರ್ಷಕ್ಕೊಮ್ಮೆ ಸಹಿ ಹೊಸದು ಮಾಡಿಸಲು ನೆನಪಿಸಿ. ಕಾಯಿಲೆಯ ಸುದ್ದಿಯನ್ನು ‘ಪಾಪ, ಪರೀಕ್ಷೆ ಇದೆ’ ಎಂದು ಮಕ್ಕಳಿಂದ ಮುಚ್ಚಿಡಬೇಡಿ. ಮುನೀಮ್ ಸಾಹೇಬರಿಗೆ ಎರಡು ತಿಂಗಳಿಂದ ಎದೆನೋವು ಬಂದುಹೋಗುತ್ತಿದ್ದುದು ಮಗನಿಗೆ ಗೊತ್ತಿರಲಿಲ್ಲ.

ಇದ್ದತ್ತು ಮುಗಿದ ಮೇಲೆ ಆ ತಾಯಿ ನಮ್ಮ ಮನೆಗೆ ಬಂದರು. ಅವನು ಬರಲಾರದಿದ್ದರೆ ತಾವೇ ಹೋಗಿ ಬರುತ್ತೇವೆ, ಕಲಬುರಗಿಯಲ್ಲಿ ಪಾಸ್‌ಪೋರ್ಟ್ ಮಾಡಿಸಿಕೊಡಿ ಎಂದರು. ಜೀವನದಲ್ಲಿ ಹೈದರಾಬಾದಿನ ಆಚೆ ಕಂಡವರಲ್ಲ. ಅರ್ಜಿಯಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ಊರು ಜೇವರ್ಗಿ ಎಂದು ತುಂಬುತ್ತಿದ್ದಾಗ ಕೇಳಿದರು: ‘ಭಾಯಿಜಾನ್, ನಾ ಅಲ್ಲಿಗೆ ಹೋದರೆ ಮತ್ತೆ ಇಲ್ಲಿಗೆ ಬಿಡ್ತಾರಲ್ಲ?’

‘ಇದು ನಿಮ್ಮ ಊರು ಆಪಾ, ಇಲ್ಲಿಗೆ ಬರೋದಕ್ಕೆ ಯಾರನ್ನೂ ಕೇಳಬೇಕಿಲ್ಲ’ ಅಂದೆವು. ಅವರು ತಲೆದೂಗಿ, ಅರ್ಜಿಯ ಮೇಲೆ ಉರ್ದುವಿನಲ್ಲಿ ನಿಧಾನವಾಗಿ ಸಹಿ ಮಾಡಿದರು.